ಉಟ್ಟು ಹಳತು ಮಾಡಿದ ಬಟ್ಟೆ

ಧಾರವಾಡಕ್ಕೆ ಬಂದ ನಾಲ್ಕನೇ ದಿನ, ಉಪ್ಪಿನಬೆಟಗೇರಿಯ ಒಂದು ಮನೆಯಲ್ಲಿ, ಅಂದೇ ಪರಿಚಯವಾದ ಹೆಂಗಸೊಬ್ಬರು ನನ್ನ ಚೀಲ ಬಿಚ್ಚಿಸಿ ಬಟ್ಟೆಗಳನ್ನೆಲ್ಲ ನೆಲದ ಮೇಲೆ ಹರಡಿಸಿದರು. ಒಂದು ಕುರ್ತಾದ ಅಂಚಿನಿಂದ ಎಳೆ ಕಿತ್ತು ಒಲೆಯ ಉರಿಗೆ ಹಿಡಿದರು. ಎಳೆ ಬೂದಿಯಾಗಲಿಲ್ಲ. ಮುದುಡಿ, ಕರಗಿ, ತುದಿಯಲ್ಲಿ ಕಪ್ಪು ಮಣಿಯಾಗಿ ನಿಂತಿತು.

“ಇದು ಅರಿವಿ ಅಲ್ರಿ ಅಕ್ಕಾರ, ಪ್ಲಾಸ್ಟಿಕ್ ಐತಿ,” ಎಂದರು.

ನಾವು ಬಟ್ಟೆ ಎನ್ನುವುದಕ್ಕೆ ಇಲ್ಲಿ ಅರಿವಿ ಎನ್ನುತ್ತಾರೆ. ನಾನು ತಂದಿದ್ದ ಹನ್ನೊಂದರಲ್ಲಿ ಒಂಬತ್ತು ಹೀಗೆಯೇ ಕರಗಿದವು. ಉಳಿದೆರಡು ಅರ್ಧ ಉರಿದು ಅರ್ಧ ಕರಗಿದವು. ಹತ್ತೊಂಬತ್ತು ವರ್ಷ ಬೇರೆಯವರ ವರದಿಗಳಲ್ಲಿ ತಪ್ಪು ಹುಡುಕಿದ್ದ ನನಗೆ ಮೈಮೇಲೆ ಹಾಕಿಕೊಂಡದ್ದು ಏನೆಂದು ಗೊತ್ತಿರಲಿಲ್ಲ.

ಕರಾವಳಿಯಲ್ಲಿ ನಾನಿದ್ದ ಪತ್ರಿಕೆಯ ಆವೃತ್ತಿ ನಿಂತುಹೋದಾಗ, ಇನ್ನು ಮುಂದೆ ಕೈಯಿಂದ ಏನಾದರೂ ಮಾಡಿಕೊಂಡು ಬದುಕಲು ಸಾಧ್ಯವೇ ನೋಡೋಣವೆಂದು ಇಲ್ಲಿಗೆ ಬಂದೆ. ಕಲಿಯಬೇಕೆಂದಿದ್ದದ್ದು ಕೌದಿ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ ಕೈಯಲ್ಲಿ ಹೊಲಿಯುವ ಹೊದಿಕೆ ಅದು. ಹತ್ತಿಯದೇ ಬಟ್ಟೆ, ಹತ್ತಿಯದೇ ದಾರ, ಯಂತ್ರ ಇಲ್ಲ ಎನ್ನುವುದು ನಾನೇ ಹಾಕಿಕೊಂಡ ಷರತ್ತು. ಕಲಿಸಲು ಒಪ್ಪಿದವರು ಎಳೆ ಸುಟ್ಟ ಈ ನೀಲವ್ವ. ಅರವತ್ತು ದಾಟಿದ್ದರು. ಸಕ್ಕರೆ ಕಾಯಿಲೆಯಿಂದ ಆಗಲೇ ಕಣ್ಣು ಮಂಜಾಗುತ್ತಿತ್ತು. ಸೊಸೆ ಶಾಂತಾ ಕೆಲಸಕ್ಕೆ ಹೋಗುವ ಮುಂಚೆ ಇಪ್ಪತ್ತು ಸೂಜಿಗಳಿಗೆ ದಾರ ಪೋಣಿಸಿ ಒಂದು ದಿಂಬಿಗೆ ಚುಚ್ಚಿಟ್ಟು ಹೋಗುತ್ತಿದ್ದಳು. ಇಪ್ಪತ್ತು ಮುಗಿದರೆ ಅಂದಿನ ಕೆಲಸ ಮುಗಿದಂತೆ.

ಹಳೆಯ ಹತ್ತಿ ಬಟ್ಟೆ ನೀಲವ್ವನ ಮನೆಯಲ್ಲೂ ಇರಲಿಲ್ಲ. ಓಣಿಯಲ್ಲಿ ಕೇಳಿದೆ. ಎಲ್ಲರೂ ಗಂಟು ಬಿಚ್ಚಿ ತೋರಿಸಿದರು, ಎಲ್ಲವೂ ಕರಗುವ ಜಾತಿ. ಅವರು ಅದರಲ್ಲೇ ಕೌದಿ ಹೊಲಿಯುತ್ತಿದ್ದರು, ಅದರಲ್ಲೇ ಬೆಚ್ಚಗೆ ಮಲಗುತ್ತಿದ್ದರು. ಷರತ್ತು ಇದ್ದದ್ದು ನನಗೆ ಮಾತ್ರ.

ಗರಗಕ್ಕೆ ಹೋಗಿ ಕೈಮಗ್ಗದ ಎರಡು ಖಾದಿ ಸೀರೆ ತಂದೆ. ನೀಲವ್ವ ಬೆರಳ ನಡುವೆ ಉಜ್ಜಿ ನೋಡಿ ಮಡಚಿ ವಾಪಸು ಕೊಟ್ಟರು.

“ಅರಿವಿ ಛಲೋ ಐತ್ರಿ. ಆದ್ರ ಹೊಸಾದು. ಮದ್ಲ ಉಡ್ರಿ, ಹಳೇದ ಮಾಡ್ರಿ, ಆಮ್ಯಾಲೆ ತಗೊಂಡ ಬರ್ರಿ.”

ಎಷ್ಟು ದಿನ ಉಡಬೇಕೆಂದು ಕೇಳಿದೆ. ಎರಡು ವರ್ಷ, ನಿಮ್ಮ ಮೈ ಕೆಲಸ ಮಾಡುವ ಮೈಯಾಗಿದ್ದರೆ ಅದಕ್ಕೂ ಕಡಿಮೆ ಎಂದರು. ಶಾಂತಾ ಬಾಯಿಗೆ ಸೆರಗು ಹಿಡಿದು ನಕ್ಕಳು.

ಧಾರವಾಡದ ಮಾಳಮಡ್ಡಿಯಲ್ಲಿ ಒಂದು ಕೋಣೆ ಬಾಡಿಗೆಗೆ ಸಿಕ್ಕಿತು. ನಲ್ಲಿಯಲ್ಲಿ ನೀರು ಎಷ್ಟೋ ದಿನಕ್ಕೊಮ್ಮೆ; ಬಂದ ದಿನ ಇಡೀ ಬೀದಿ ಬೇರೆ ಕೆಲಸ ಬಿಡುತ್ತದೆ. ನಮ್ಮ ಕಡೆ ಬಾವಿಗೆ ಕೊಡ ಇಳಿಸಿದರೆ ಮುಗಿಯಿತು. ಆದರೆ ನಮ್ಮಲ್ಲಿ ಮಳೆಗಾಲಕ್ಕೆ ಬಟ್ಟೆ ಒಣಗದೆ ಬೂಸು ಹಿಡಿಯುತ್ತದೆ. ಇಲ್ಲಿ ಬೇಸಿಗೆಯಲ್ಲಿ ಸೀರೆ ಹರವಿ ಚಹಾ ಕುಡಿಯುವಷ್ಟರಲ್ಲಿ ಒಣಗಿರುತ್ತದೆ. ಕುಚ್ಚಲಕ್ಕಿಗೆ ಒಗ್ಗಿದ ಹೊಟ್ಟೆ ಜೋಳದ ರೊಟ್ಟಿಗೆ ಒಗ್ಗಲು ಎಂಟು ತಿಂಗಳು ಬೇಕಾಯಿತು. ರೊಟ್ಟಿ ಬಡಿಯಲು ಇನ್ನೂ ಬರುವುದಿಲ್ಲ. ನನ್ನ ಮಾತು ಪುಸ್ತಕ ಓದಿದಂತಿದೆಯೆಂದು ತರಕಾರಿ ಮಾರುವವರೂ ಹೇಳಿದರು. ಕೆಲವು ದಿನ ನಾನು ಮಾತಾಡಿದ್ದು ಅವರೊಂದಿಗೆ ಮಾತ್ರ.

ದಿನಕ್ಕೊಂದರಂತೆ ಅದೇ ಎರಡು ಸೀರೆ ಉಟ್ಟೆ. ಮನೆಯೊಡತಿಯನ್ನು ಇಲ್ಲಿಯ ರೂಢಿಯಂತೆ ಕಾಕೂ ಎನ್ನುತ್ತೇನೆ. ಅವರು ಆರು ತಿಂಗಳು ನೋಡಿ ತಡೆಯಲಾರದೆ ಕೇಳಿದರು: “ನೌಕರಿ ಬಿಟ್ರಿ, ಇರಲಿ. ಛಲೋ ಸೀರಿ ಉಡೂದು ಯಾಕ ಬಿಟ್ರಿ?”

ವಾರಕ್ಕೆ ಮೂರು ದಿನ ಬಸ್ಸು ಹಿಡಿದು ನೀಲವ್ವನಲ್ಲಿಗೆ ಹೋಗುತ್ತಿದ್ದೆ. ಕಲಿಕೆ ಕರಗುವ ಬಟ್ಟೆಯ ತುಂಡುಗಳ ಮೇಲೆ ನಡೆಯುತ್ತಿತ್ತು. ಹೊಲಿಗೆ ಬಂತು. ಬರದೇ ಉಳಿದದ್ದು ಹಾಸುವ ಕೆಲಸ. ಹತ್ತಿ ಸೀರೆ ಎಲ್ಲ ಕಡೆ ಒಂದೇ ರೀತಿ ಸವೆಯುವುದಿಲ್ಲ. ಮೊಣಕಾಲ ಬಳಿ, ಕೂರುವಲ್ಲಿ, ಸೆರಗು ಸಿಕ್ಕಿಸುವಲ್ಲಿ ತೆಳ್ಳಗಾಗಿರುತ್ತದೆ. ಒಂದು ಪದರದ ತೆಳುವಿನ ಮೇಲೆ ಇನ್ನೊಂದರ ದಪ್ಪ ಬರುವಂತೆ ಹಾಸಿದರೆ ಮಾತ್ರ ಕೌದಿ ಸಮನಾಗುತ್ತದೆ. ಪ್ಲಾಸ್ಟಿಕ್ಕಿನ ಬಟ್ಟೆ ಸವೆಯುವುದೇ ಇಲ್ಲ, ಹಾಗಾಗಿ ಅದರ ಮೇಲೆ ಇದನ್ನು ತೋರಿಸಿಕೊಡಲು ಬರುವುದಿಲ್ಲ. ನಿಮ್ಮ ಸೀರೆ ಬರಲಿ, ಆಗ ಹೇಳುತ್ತೇನೆ ಎನ್ನುತ್ತಿದ್ದರು.

ಅವರ ಕಣ್ಣು ನನ್ನ ಸೀರೆಗಿಂತ ಬೇಗ ಸವೆಯುತ್ತಿತ್ತು. ದಿನದ ಸೂಜಿಗಳು ಇಪ್ಪತ್ತರಿಂದ ಹನ್ನೆರಡಕ್ಕೆ ಇಳಿದಾಗ ನನಗೆ ಅವಸರ ಹತ್ತಿತು. ಪತ್ರಿಕೆಯಲ್ಲಿ ಪುಟ ಮುಗಿಸುವ ಹೊತ್ತಿಗೆ ಹತ್ತುತ್ತಿದ್ದ ಅದೇ ಅವಸರ. ಒಂದು ಸೀರೆಯನ್ನು ಸೋಡಾ ಹಾಕಿ ಕುದಿಸಿದೆ, ಕಲ್ಲಿನ ಮೇಲೆ ಒಗೆದೆ, ಒಂದು ವಾರ ಹೀಗೆ ಮಾಡಿ ಮೆತ್ತಗಾಯಿತೆಂದು ಒಯ್ದೆ. ನೀಲವ್ವ ಮೂರು ಕಡೆ ಮುಟ್ಟಿದರು, ಅಷ್ಟೇ.

“ಇದು ಉಟ್ಟದ್ದಲ್ರಿ. ಬಡದದ್ದು.”

ಬೈಯಲಿಲ್ಲ. ಬಡಿದ ಬಟ್ಟೆ ಎಲ್ಲ ಕಡೆಯೂ ಒಟ್ಟಿಗೆ ಸಾಯುತ್ತದೆ, ಹೊಲಿಗೆ ಹಿಡಿಯುವುದಿಲ್ಲ ಎಂದು ವಿವರಿಸಿದರು. ಆ ಸೀರೆಯನ್ನು ನೆಲ ಒರೆಸಲು ಇಟ್ಟುಕೊಂಡೆ. ಗರಗದಿಂದ ಇನ್ನೊಂದು ತಂದು ಮೊದಲಿನಿಂದ ಉಡಲು ಶುರುಮಾಡಿದೆ.

ಮರುವರ್ಷ ಅವರ ಕಣ್ಣು ಪೂರ್ತಿ ಹೋಯಿತು. ಹೋದರೆ ಹೋಗಲಿ, ಹಾಸುವುದಕ್ಕೆ ಕಣ್ಣು ಬೇಡ, ಬೆರಳಿವೆ ಎಂದು ನನಗೇ ಸಮಾಧಾನ ಹೇಳಿದರು. ಮಳೆಗಾಲ ಕಳೆದ ಮೇಲೆ ಒಂದು ದಿನ ಕಾದ ಹಂಚಿಗೆ ಕೈ ತಾಗಿ ಚರ್ಮ ಸುಟ್ಟಿತು. ವಾಸನೆ ಬರುವವರೆಗೂ ಅವರಿಗೆ ಅದು ತಿಳಿಯಲಿಲ್ಲ. ಬೆರಳಿನ ಸ್ಪರ್ಶವನ್ನೂ ಸಕ್ಕರೆ ಕಾಯಿಲೆಯೇ ಒಯ್ದಿದೆ, ಅದು ಮರಳುವುದಿಲ್ಲ ಎಂದು ಡಾಕ್ಟರು ಹೇಳಿದರೆಂದು ಶಾಂತಾ ತಿಳಿಸಿದಳು.

ಈ ಬೇಸಿಗೆಯಲ್ಲಿ ನನ್ನ ಸೀರೆಗಳು ಹಳೆಯವಾದವು. ಬೆಳಕಿಗೆ ಹಿಡಿದರೆ ಮೊಣಕಾಲಿನ ಜಾಗದಲ್ಲಿ ಆಚೆಯ ಗೋಡೆ ಕಾಣುತ್ತಿತ್ತು. ಎರಡನ್ನೂ ಒಯ್ದು ನೀಲವ್ವನ ತೊಡೆಯ ಮೇಲಿಟ್ಟೆ. ಬೆರಳಲ್ಲಿ ಉಜ್ಜಿದರು, ಮತ್ತೆ ಉಜ್ಜಿದರು. ಆಮೇಲೆ ಎತ್ತಿ ಕೆನ್ನೆಗೆ ಒತ್ತಿಕೊಂಡರು.

“ಆಗೇತ್ರಿ. ಮೆತ್ತಗ ಆಗೇತಿ.”

ಹಾಗಾದರೆ ಹಾಸುವುದನ್ನು ಈಗ ಹೇಳಿಕೊಡಿ ಎಂದೆ. ಎಲ್ಲಿ ತೆಳು, ಎಲ್ಲಿ ದಪ್ಪ ಎಂದು ನಾನು ಹೇಳುತ್ತ ಹೋಗುತ್ತೇನೆ, ಯಾವುದರ ಮೇಲೆ ಯಾವುದು ಎಂದು ನೀವು ಹೇಳಿದರೆ ಸಾಕು ಎಂದೆ. ಅವರು ಸೀರೆಗಳನ್ನು ನನ್ನತ್ತ ಸರಿಸಿದರು.

“ಅದು ನನ್ನ ಕೈಗೆ ಗೊತ್ತಿತ್ರಿ ಅಕ್ಕಾರ. ನನಗ ಗೊತ್ತಿಲ್ಲ.”

ಬಸ್ ನಿಲ್ದಾಣದವರೆಗೆ ಬಂದ ಶಾಂತಾ, ಕೊಡಿ, ಮಿಷನ್ ಮೇಲೆ ಹೊಡೆದುಕೊಡುತ್ತೇನೆ ಎಂದಳು. ಕೊಡಲಿಲ್ಲ. ಕೋಣೆಯ ನೆಲದ ಮೇಲೆ ನಾನೇ ಹಾಸಿದೆ. ಮೂರು ಗೇಣು ಹೊಲಿಯುವಷ್ಟರಲ್ಲಿ ಒಂದು ಕಡೆ ಗಂಟುಗಟ್ಟಿತು, ಇನ್ನೊಂದು ಕಡೆ ಜೋಲುಬಿತ್ತು. ಬಿಚ್ಚಿದಾಗ ದಾರದೊಂದಿಗೆ ಬಟ್ಟೆಯೂ ಕಿತ್ತು ಬಂತು. ಈಗ ಅದು ಉಡುವ ಸೀರೆಯೂ ಅಲ್ಲ, ಕೌದಿಯೂ ಅಲ್ಲ. ಹೊಸದು ತಂದು ಉಟ್ಟು ಹಳತು ಮಾಡಬಹುದು. ಅದನ್ನು ಒಯ್ದು ತೋರಿಸಬೇಕಾದವರು ಯಾರೆಂದು ಗೊತ್ತಿಲ್ಲ.

ಮರುದಿನ ಅಕ್ಕ ಫೋನು ಮಾಡಿದಳು. “ಅಲ್ಲಿ ಇನ್ನು ಎಂತ ಉಂಟು ಮಾರಾಯ್ತಿ ನಿಂಗೆ? ಬಂದುಬಿಡು,” ಎಂದಳು. ಇಲ್ಲ, ಬರುವುದಿಲ್ಲ ಎಂದೆ. ಸಂಜೆ ಕಾಕೂ ಬಾಗಿಲಲ್ಲಿ ನಿಂತು, ಆ ಸೀರೆಗಳನ್ನು ಕಟ್ಟಿ ಮೂಲೆಯಲ್ಲಿಟ್ಟಿದ್ದ ಗಂಟು ನೋಡಿ, ಊರಿಗೆ ಹೊರಟಿರೇನು, ಅಥವಾ ಇಲ್ಲೇ ಇರುತ್ತೀರೇನು ಎಂದು ವಿಚಾರಿಸಿದರು. ಹೊರಟಿಲ್ಲ ಎಂದೆ. ಇರುತ್ತೇನೆ ಎನ್ನಲಿಲ್ಲ. ಅವರು, ನಾಳೆ ನೀರು ಬರುತ್ತದೆ ಎಂದು ಹೇಳಿ ಒಳಗೆ ಹೋದರು.