ಓನರಮ್ಮನ ತರಕಾರಿ ಪಾತಿಯಲ್ಲಿ ಎಳ್ಳ ಅಮವಾಸ್ಯೆ

ನಾನು ಚಿಕ್ಕವನಿದ್ದಾಗ ನಮ್ಮ ಹೊಲ ಇದ್ದದ್ದು ಬಾಗಲಕೋಟೆ ಕಡೆ, ನಾವಿದ್ದದ್ದು ಬೆಂಗಳೂರಿನ ಪಟ್ಟಂದೂರು ಅಗ್ರಹಾರದ ಒಂದು ಬಾಡಿಗೆ ಕೋಣೆಯಲ್ಲಿ. ಎಳ್ಳ ಅಮವಾಸ್ಯೆ ಬಂತೆಂದರೆ ನಮ್ಮ ಕಡೆಯವರು ಹೊಲಕ್ಕೆ ಹೋಗಿ, ಮಾಡಿದ ಅಡುಗೆಯನ್ನೆಲ್ಲ ಸ್ವಲ್ಪ ಸ್ವಲ್ಪ ಬೆಳೆಯ ಮೇಲೆ ಎರಚುತ್ತಾರೆ. ಅದಕ್ಕೆ ಚರಗ ಚೆಲ್ಲುವುದು ಎನ್ನುತ್ತಾರೆ. ಭೂತಾಯಿ ಉಂಡ ಮೇಲೆಯೇ ಮನೆಯವರ ಊಟ.

ಬೆಂಗಳೂರಿಗೆ ಬಂದ ವರ್ಷ ಅವ್ವನಿಗೆ ಅದೇ ಚಿಂತೆ. ಅಪ್ಪನಿಗೆ ಕಟ್ಟಡದ ಕೆಲಸಕ್ಕೆ ರಜೆ ಸಿಕ್ಕಿರಲಿಲ್ಲ. ಬೆಳಗಿನಿಂದ ಕೋಣೆಯ ತುಂಬ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹೋಳಿಗೆಯ ಘಮ. ನನಗೂ ಅಕ್ಕನಿಗೂ ಬಾಯಲ್ಲಿ ನೀರು. ಆದರೆ ಚರಗ ಚೆಲ್ಲದೆ ಅವ್ವ ಒಂದು ಚೂರೂ ಮುಟ್ಟಗೊಡಲಿಲ್ಲ. ಸುತ್ತ ಎಲ್ಲಿ ನೋಡಿದರೂ ಸಿಮೆಂಟು. ಮಣ್ಣು ಅಂತ ಇದ್ದದ್ದು ಹಿತ್ತಲಲ್ಲಿ, ಮನೆಯ ಓನರಮ್ಮನ ತರಕಾರಿ ಪಾತಿ ಮಾತ್ರ. ಅಲ್ಲಿ ಕಾಲಿಟ್ಟವರಿಗೆ ಅವರು ಗ್ರಹಚಾರ ಬಿಡಿಸುತ್ತಿದ್ದರು.

ಅವ್ವ ಬುಟ್ಟಿ ಹೊತ್ತು ಅಲ್ಲಿಗೇ ನಡೆದಳು. ಎರಡು ಹಿಡಿ ಎರಚಿದ್ದಳೋ ಇಲ್ಲವೋ, ಓನರಮ್ಮ ಓಡಿ ಬಂದರು.

“ಏನಮ್ಮ ಇದು, ನನ್ ಪಾತಿಗೆ ಮುಸುರೆ ಸುರೀತಿದ್ದೀಯ? ಇಲಿ ಬರಲ್ವಾ?”

“ಮುಸುರಿ ಅಲ್ರಿ ಅಮ್ಮಾರ, ನಾವಿನ್ನೂ ಉಂಡಿಲ್ರಿ. ನಮ್ಮ ಹೊಲ ದೂರ ಐತಿ, ಅದಕ್ಕ ನಿಮ್ಮ ಭೂಮ್ತಾಯಿಗೆ ಉಣಸಾಕತ್ತೀನ್ರಿ.”

ಓನರಮ್ಮ ಬುಟ್ಟಿಯೊಳಗೆ ಬಗ್ಗಿ ನೋಡಿದರು. ಅವರೂ ರಾಗಿ ಬೆಳೆದ ಮನೆಯವರೇ. ಸೆರಗು ಸೊಂಟಕ್ಕೆ ಸಿಕ್ಕಿಸಿ, “ಇಲ್ಲೂ ಹಾಕು, ಆ ಮೂಲೆಗೂ ಹಾಕು” ಎನ್ನುತ್ತ ತಾವೇ ಮುಂದೆ ನಡೆದರು. ನನಗೆ ಹೋದ ಜೀವ ಬಂದಂತಾಯಿತು!

ಆಮೇಲೆ ಪಾತಿಯ ಪಕ್ಕದಲ್ಲೇ ಎಲ್ಲರೂ ಊಟಕ್ಕೆ ಕೂತೆವು. “ಕಡಿಯೋಕೆ ಕ್ಯಾರೆಟ್ ಬೇಕೇನ್ರೋ?” ಎಂದು ಓನರಮ್ಮ ಮಣ್ಣಿನ ಸಮೇತ ಕಿತ್ತುಕೊಟ್ಟರು. “ಇದು ಗಜ್ಜರಿ ಅಲ್ಲೇನ್ರಿ?” ಎಂದಳು ಅಕ್ಕ. ಶುರುವಾಯಿತು ನೋಡಿ! ಅವರ ಈರುಳ್ಳಿ ನಮ್ಮ ಉಳ್ಳಾಗಡ್ಡಿ, ಅವರ ಆಲೂಗಡ್ಡೆ ನಮ್ಮ ಬಟಾಟಿ. ಒಬ್ಬರು ಹೇಳಿದ ಹೆಸರಿಗೆ ಇನ್ನೊಬ್ಬರು ಹೊಟ್ಟೆ ಹಿಡಿದುಕೊಂಡು ನಗುವುದು. ಕೊನೆಗೆ ಓನರಮ್ಮ ಒಂದು ಬಿಳಿ ಗಡ್ಡೆ ಕಿತ್ತು ಎತ್ತಿ ಹಿಡಿದರು. “ಮೂಲಂಗಿ!” ಎಂದು ಎಲ್ಲರೂ ಒಟ್ಟಿಗೇ ಕೂಗಿದೆವು. ಬೆಂಗಳೂರಿಗೆ ಬಂದ ಮೇಲೆ ಅವ್ವ ಅಷ್ಟು ನಕ್ಕಿದ್ದು ಅದೇ ಮೊದಲು.

ಮಕ್ಕಳೇ, ಈಗ ನೀವು ಫೋನಿಗೆ ಯಾವ ಹೆಸರು ಹೇಳಿದರೂ ತರಕಾರಿ ಬಾಗಿಲಿಗೆ ಬರುತ್ತದೆ. ಎದುರುಮನೆಯವರು ಯಾವ ಊರಿನವರೆಂದು ಮಾತ್ರ ನಿಮಗೆ ಗೊತ್ತಿಲ್ಲ. ಅವರು ಕ್ಯಾರೆಟ್ಟನ್ನು ಏನೆಂದು ಕರೆಯುತ್ತಾರೋ, ಹೋಗಿ ಕೇಳಿಕೊಂಡು ಬನ್ನಿ. ಕೈಬೀಸಿಕೊಂಡು ಹೋಗಬೇಡಿ, ನಾಲ್ಕು ಗಜ್ಜರಿ ಹಿಡಿದುಕೊಂಡು ಹೋಗಿ.