ಗೊಂಬೆ ಬೆಟ್ಟದ ನೇರಳೆ ಕಲ್ಲು

ಹತ್ತನೇ ತರಗತಿ ಮುಗಿಸಿ ದೆಹಲಿಗೆ ಬಂದ ನಾನು ಭೂವಿಜ್ಞಾನದ ಕಚೇರಿಯೊಂದರ ಉಗ್ರಾಣದಲ್ಲಿ ಕಲ್ಲಿನ ಚೀಲಗಳನ್ನು ಕಾಯುತ್ತಲೇ ಸರ್ವೀಸು ಮುಗಿಸಿದೆ. ಗಣಿಯಿಂದ ತಂದ ಪ್ರತಿ ಮಾದರಿಯನ್ನೂ ಎರಡು ಪಾಲು ಮಾಡುತ್ತಿದ್ದರು. ಒಂದು ಪರೀಕ್ಷೆಗೆ ಹೋಗುತ್ತಿತ್ತು. ಇನ್ನೊಂದು ನಂಬರಿನ ಚೀಟಿಯೊಂದಿಗೆ ನನ್ನ ಕಪಾಟಿನಲ್ಲಿರುತ್ತಿತ್ತು. ಮೊದಲನೆಯದರ ಮೇಲೆ ಅನುಮಾನ ಬಂದರೆ ಎರಡನೆಯದೇ ಸಾಕ್ಷಿ.

ನನ್ನ ನಿವೃತ್ತಿಗೆ ಎರಡು ವರ್ಷ ಇದ್ದಾಗ, ನಮ್ಮ ಕಡೆಯವರೇ ಆದ ಮೇಡಂ ಒಬ್ಬರು ಗುರುಗ್ರಾಮದ ಆಚೆ ಎಂದೋ ಮುಚ್ಚಿದ್ದ ಕಾಗೆಬಂಗಾರದ ಗಣಿಯನ್ನು ಮತ್ತೆ ಶೋಧಿಸಿದರು. ಬ್ಯಾಟರಿಗೆ ಬೇಕಾದ ಲಿಥಿಯಂ ಅಲ್ಲಿದೆಯೆಂದು ಅವರ ನಂಬಿಕೆ. ಹಳೆಯ ಗುಂಡಿಗಿಳಿದು, ಪದರಪದರವಾಗಿ ಮಿನುಗುವ ನೇರಳೆ ಕಲ್ಲು ತಂದರು.

"ಹುಷಾರಾಗಿಡಿ. ಇಷ್ಟು ವರ್ಷದಲ್ಲಿ ನನಗೆ ಸಿಕ್ಕಿದ್ದು ಇದೊಂದೇ" ಎಂದು ಒಂದು ಪಾಲು ನನ್ನ ಕೈಗೆ ಕೊಟ್ಟರು. ರಿಜಿಸ್ಟರಿನಲ್ಲಿ ನಾಳೆ ಬರೆದರಾಯಿತೆಂದು ಬಿಟ್ಟೆ.

ಆಗಲೇ ದಸರಾ ಬಂತು. ವಸಂತ್ ಕುಂಜ್‌ನ ನಮ್ಮ ಫ್ಲ್ಯಾಟಿನಲ್ಲಿ ಗೊಂಬೆ ಕೂರಿಸುತ್ತಿದ್ದೆವು. ಥರ್ಮೋಕೋಲಿನ ಬೆಟ್ಟ ನೋಡಿ ಮೊಮ್ಮಗಳು ಮುಖ ಸಿಂಡರಿಸಿದಳು. "ತಾತಾ, ಇದು ಪಹಾಡ್ ಥರಾ ಇಲ್ಲ. ಕೇಕ್ ಥರಾ ಇದೆ."

ಮರುದಿನ ಚೀಲ ಬಿಚ್ಚಿ, ಆ ಕಲ್ಲುಗಳನ್ನು ಊಟದ ಡಬ್ಬಿಯಲ್ಲಿ ಮನೆಗೆ ತಂದು ಗೊಂಬೆ ಬೆಟ್ಟಕ್ಕೆ ಜೋಡಿಸಿದೆ. ಚೀಟಿ ಎಲ್ಲಿ ಬಿತ್ತೋ ಗೊತ್ತಿಲ್ಲ. ಹಬ್ಬ ಮುಗಿದ ಮೇಲೆ ವಾಪಸು ಇಡುವ ಯೋಚನೆಯಿತ್ತು.

ಹಬ್ಬ ಮುಗಿಯುವುದರೊಳಗೆ ಪರೀಕ್ಷೆಯ ವರದಿ ಬಂತು. ಲಿಥಿಯಂ ಎಷ್ಟಿತ್ತೆಂದರೆ ಮೇಲಿನವರು ನಂಬಲಿಲ್ಲ. ಅವರನ್ನು ಕರೆದುಕೊಂಡೇ ಮೇಡಂ ಉಗ್ರಾಣಕ್ಕೆ ಬಂದು ಎರಡನೆಯ ಪಾಲು ಕೇಳಿದರು. ಪಿಂಚಣಿ ಹೋದೀತೆಂಬ ಭಯಕ್ಕೆ ನನ್ನ ಬಾಯಿಂದ ಬಂದದ್ದು, "ನೀವು ನನಗೆ ಕೊಡಲೇ ಇಲ್ವಲ್ಲ, ಮೇಡಂ."

"ನೆನಪು ಮಾಡ್ಕೊಳ್ಳಿ" ಎಂದರು, ಮೆಲ್ಲಗೆ, ಕನ್ನಡದಲ್ಲಿ. ನಾನು ಇಲ್ಲವೆಂದು ತಲೆಯಾಡಿಸಿದೆ.

ಮತ್ತೆ ಮಾದರಿ ತರಲು ಹೋದರೆ, ಕಟ್ಟಡ ಕೆಡವಿದ ಇಟ್ಟಿಗೆ-ಸಿಮೆಂಟಿನ ಮಲಬಾ ಸುರಿದು ಗುಂಡಿಯನ್ನೇ ಮುಚ್ಚಿದ್ದರು. ಮೇಡಂ ಬೇರೆಲ್ಲಿಂದಲೋ ಕಲ್ಲು ತಂದಿದ್ದಾರೆಂದು ಮಾತು ಹಬ್ಬಿತು. ಮೇಡಂ ಅವರನ್ನು ಫೈಲುಗಳ ಕೋಣೆಯಲ್ಲಿ ಕೂರಿಸಿದರು. ಅವರು ಮತ್ತೆ ಕಲ್ಲು ಹುಡುಕಿ ಬೆಟ್ಟ ಹತ್ತಿದ್ದನ್ನು ನಾನು ಕಾಣಲಿಲ್ಲ.

ಕಳೆದ ತಿಂಗಳು, ಅವರೂ ನಿವೃತ್ತರಾದರೆಂದು ತಿಳಿದು ಫೋನ್ ಮಾಡಿ ಎಲ್ಲವನ್ನೂ ಹೇಳಿದೆ.

"ಚೀಟಿ ಇದೆಯಾ?"

"ಇಲ್ಲ, ಮೇಡಂ. ಬೇಕಾದ್ರೆ ಕಚೇರಿಗೆ ಬರೆದುಕೊಡ್ತೀನಿ."

"ಯಾರಿಗೆ ಕೊಡ್ತೀರಿ? ಅಲ್ಲಿ ಈಗ ಇರೋರಿಗೆ ನಾನು ಯಾರು ಅಂತಲೇ ಗೊತ್ತಿಲ್ಲ." ಆಮೇಲೆ ಕೇಳಿದರು, "ಬೆಟ್ಟ ಚೆನ್ನಾಗಿ ಕಾಣ್ತಿತ್ತಾ?"

ಚೆನ್ನಾಗಿ ಕಾಣುತ್ತಿತ್ತು.