ಅಂಕವಿಲ್ಲದ ನೋಟ್‌ಬುಕ್

ಏಳನೇ ತರಗತಿಗೆ ವಿಜ್ಞಾನ ಹೇಳಿಕೊಡುತ್ತಿದ್ದ ಅವರನ್ನು ಮಕ್ಕಳು 'ಯಾಕೆ ಮೇಡಂ' ಎಂದೇ ಕರೆಯುತ್ತಿದ್ದರು. ಯಾವ ಮಗು ಏನು ಹೇಳಿದರೂ, ಸರಿ ತಪ್ಪು ಎನ್ನುವ ಮೊದಲು ಅವರು "ಯಾಕೆ?" ಎಂದು ಕೇಳುತ್ತಿದ್ದರು. ಹೊಸ ಮಕ್ಕಳು ಅದನ್ನು ಗದರಿಕೆ ಎಂದುಕೊಂಡು ತೆಪ್ಪಗೆ ಕೂತುಬಿಡುತ್ತಿದ್ದರು. ತಿಂಗಳು ಕಳೆಯುವುದರೊಳಗೆ ಅವರೂ ಎದ್ದು ನಿಂತು ವಾದಕ್ಕಿಳಿಯುತ್ತಿದ್ದರು. ನಾನು ಅದೇ ಶಾಲೆಯ ಚಿತ್ರಕಲೆ ಮೇಷ್ಟ್ರು. ನನ್ನ ಕೋಣೆಗೂ ಅವರ ತರಗತಿಗೂ ನಡುವೆ ಇದ್ದದ್ದು ಬರೀ ಹಲಗೆಯ ಗೋಡೆ. ಹದಿನಾಲ್ಕು ವರ್ಷ ನನ್ನ ಕಿವಿಗೂ ಅವರ ಪಾಠ ಬಿದ್ದಿದೆ.

ಜೀವನ ಕೌಶಲ ಎಂಬ ಪಿರಿಯಡ್ ಬಂದಾಗ ಯಾರಿಗೂ ಅದು ಬೇಡವಾಗಿತ್ತು. ಪುಸ್ತಕವಿಲ್ಲ, ಪರೀಕ್ಷೆಯಿಲ್ಲ. ಶುಕ್ರವಾರದ ಕೊನೆಯ ಎರಡು ಪಿರಿಯಡ್, ಮಕ್ಕಳ ಮನಸ್ಸೆಲ್ಲ ಗೇಟಿನ ಕಡೆಗೆ. ಯಾಕೆ ಮೇಡಂ ಮಾತ್ರ ತಾವಾಗಿ ಕೇಳಿ ತೆಗೆದುಕೊಂಡರು. ಮೊದಲ ದಿನವೇ ಮಕ್ಕಳನ್ನು ಕೈ ತೊಳೆಯುವ ನಲ್ಲಿಗಳ ಹತ್ತಿರ ಕರೆದುಕೊಂಡು ಹೋದರು. ಐದು ನಲ್ಲಿಗಳಲ್ಲಿ ಎರಡರಲ್ಲಿ ಮಾತ್ರ ನೀರು ಬರುತ್ತಿತ್ತು. ಊಟದ ಹೊತ್ತಿಗೆ ನೂಕುನುಗ್ಗಲಾಗಿ ಚಿಕ್ಕ ಮಕ್ಕಳು ಬೀಳುತ್ತಿದ್ದರು.

"ಇದನ್ನ ನೀವೇ ಸರಿಮಾಡ್ಬೇಕು. ಪ್ಲಂಬರ್ ಬರೋಕೆ ಇನ್ನೂ ಮೂರು ವಾರ ಆಗತ್ತಂತೆ," ಎಂದರು.

ಮಕ್ಕಳು ಗಡಿಯಾರ ಹಿಡಿದು ನಿಂತರು, ಎಣಿಸಿದರು, ಜಗಳವಾಡಿದರು. ಚಿಕ್ಕವರನ್ನು ಮೊದಲು ಬಿಡೋಣ ಎಂದು ಒಂದು ಗುಂಪು. ಹಾಗಾದರೆ ನಮಗೆ ಆಟಕ್ಕೆ ಸಮಯ ಉಳಿಯಲ್ಲ ಎಂದು ಇನ್ನೊಂದು. ಕೊನೆಗೆ ಚಿಕ್ಕ ತರಗತಿಗಳಿಗೆ ಐದು ನಿಮಿಷ ಮುಂಚೆ ಗಂಟೆ ಹೊಡೆಯುವುದೆಂದು ತೀರ್ಮಾನವಾಯಿತು. ನೂಕಾಟ ನಿಂತಿತು. ಆ ಮೂರು ವಾರ ಯಾಕೆ ಮೇಡಂ ಬಾಯಿ ಬಿಟ್ಟದ್ದಕ್ಕಿಂತ ಬರೆದುಕೊಂಡದ್ದೇ ಹೆಚ್ಚು. ಉದ್ದನೆಯ ನೋಟ್‌ಬುಕ್ಕು, ಮೂವತ್ತೊಂದು ಮಕ್ಕಳು, ಒಬ್ಬೊಬ್ಬರಿಗೆ ಒಂದೊಂದು ಪುಟ. ಒಂದು ಪುಟ ನನಗೆ ತೋರಿಸಿದ್ದರು: 'ಇವತ್ತು ಎದುರಿನವರ ಮಾತು ಕೇಳಿ ಮನಸ್ಸು ಬದಲಾಯಿಸಿದ. ಅದನ್ನು ಸೋಲು ಅಂದುಕೊಳ್ಳಲಿಲ್ಲ.'

"ಇದಕ್ಕೆ ಎಷ್ಟು ಮಾರ್ಕ್ಸ್ ಮೇಡಂ?" ಎಂದು ತಮಾಷೆ ಮಾಡಿದೆ.

"ಇದಕ್ಕೆ ಮಾರ್ಕ್ಸ್ ಹಾಕಿದ ದಿನ ಯಾವ ಮಗೂನೂ ನನ್ನ ಮುಂದೆ ಮನಸ್ಸು ಬದಲಾಯಿಸಲ್ಲ ಮೇಷ್ಟ್ರೇ. ನನಗೆ ಏನು ಕಲಿಸ್ಬೇಕು ಅಂತ ಗೊತ್ತಾಗೋಕಷ್ಟೇ ಇದು."

ಮಕ್ಕಳಿಗೂ ಅದನ್ನೇ ಹೇಳಿದ್ದರು. ಈ ನೋಟ್‌ಬುಕ್ಕು ನನ್ನ ಕೈಬಿಟ್ಟು ಹೋಗುವುದಿಲ್ಲ ಎಂದೂ ಹೇಳಿದ್ದರು.

ಹಾಗಾಗಿಯೇ ದರ್ಜಿಯ ಮಗಳು ಬಾಯಿ ಬಿಟ್ಟಳು. ಮೂರನೇ ಬೆಂಚಿನ ಹುಡುಗಿ, ಮಾತು ಕಡಿಮೆ. ಬೇಡದ್ದಕ್ಕೆ ಬೇಡ ಎನ್ನುವುದು ಹೇಗೆ ಎಂಬ ಪಾಠವಾದ ಮೇಲೆ, ಎಲ್ಲರೂ ಹೋದ ನಂತರ ಒಬ್ಬಳೇ ನಿಂತಿದ್ದಳಂತೆ. ಶಾಲೆ ಬಿಟ್ಟ ಕೂಡಲೇ ಅಪ್ಪನ ಅಂಗಡಿಗೆ ಹೋಗಿ ಅಂಚು ಹೊಲಿಯಬೇಕು, ಗುಂಡಿ ಹಾಕಬೇಕು. ಆಗಲ್ಲ ಎನ್ನಲು ಧೈರ್ಯವಿಲ್ಲ. ಸ್ಪೆಷಲ್ ಕ್ಲಾಸ್ ಇದೆ ಎಂದು ಸುಳ್ಳು ಹೇಳಿ ಗ್ರಂಥಾಲಯದ ಮೆಟ್ಟಿಲ ಮೇಲೆ ಕೂತು ಒಂದು ಗಂಟೆ ಓದುತ್ತಾಳೆ. ಮೇಡಂ ಅವಳ ಪುಟದಲ್ಲಿ ಬರೆದರು: 'ಅಪ್ಪನಿಗೆ ಸುಳ್ಳು ಹೇಳಿ ಓದಿಗೆ ದಾರಿ ಮಾಡಿಕೊಂಡಿದ್ದಾಳೆ. ಜಾಣ ದಾರಿ, ಆದರೆ ಒಂಟಿ ದಾರಿ. ನಾನು ಅಪ್ಪನ ಹತ್ತಿರ ಮಾತಾಡಬೇಕು. ಅವಸರ ಮಾಡಬಾರದು.'

ಇನ್ನು ನಮ್ಮ ಮುಖ್ಯೋಪಾಧ್ಯಾಯಿನಿಯ ವಿಷಯ. ಆ ಕುರ್ಚಿಗೆ ಹೋಗುವ ಮುಂಚೆ ಹನ್ನೆರಡು ವರ್ಷ ಅವರೂ ಯಾಕೆ ಮೇಡಮ್ಮೂ ಸ್ಟಾಫ್‌ರೂಮಿನಲ್ಲಿ ಒಂದೇ ಮೇಜು ಹಂಚಿಕೊಂಡವರು. ಯಾಕೆ ಮೇಡಂ ಹೆರಿಗೆಗೆ ಅವರು ಆಸ್ಪತ್ರೆಯಲ್ಲಿ ಕಾದಿದ್ದರು. ಅವರ ತಾಯಿ ಹಾಸಿಗೆ ಹಿಡಿದಾಗ ಇವರು ದಿನಾ ಹೋಗಿ ಬಂದಿದ್ದರು. ನಾಲ್ಕು ಜನರೆದುರು ಮೇಡಂ ಎಂದರೂ ಬಾಗಿಲು ಮುಚ್ಚಿದರೆ "ಅಕ್ಕಾ", "ಕಣೇ" ಎನ್ನುವ ಸಲಿಗೆ.

ಆ ವರ್ಷ ಮೇಲಿನ ಕಚೇರಿಯಿಂದ ಸುತ್ತೋಲೆ ಬಂತು. ಜೀವನ ಕೌಶಲಕ್ಕೂ ಆಲೋಚನಾ ಕೌಶಲಕ್ಕೂ ಗ್ರೇಡ್ ಕೊಡಬೇಕು, ಪ್ರತಿ ಗ್ರೇಡಿಗೂ ಸಾಕ್ಷ್ಯ ತೋರಿಸಬೇಕು. ಮಕ್ಕಳ ಸಂಖ್ಯೆ ಇಳಿಯುತ್ತಿದ್ದ ನಮ್ಮಂಥ ಶಾಲೆಗಳನ್ನು ಬೇರೆ ಶಾಲೆಗೆ ಸೇರಿಸುವ ಮಾತೂ ಇತ್ತು. ಮುಖ್ಯೋಪಾಧ್ಯಾಯಿನಿ ಒಂದು ಮಧ್ಯಾಹ್ನ ಬಂದು, "ನಿನ್ನ ನೋಟ್‌ಬುಕ್ ಕೊಡು, ಒಂದ್ಸಲ ಓದಿ ಕೊಡ್ತೀನಿ. ಹೇಗೆ ಮಾಡ್ತೀಯ ಅಂತ ನಂಗೂ ಅರ್ಥ ಆಗ್ಲಿ," ಎಂದರು. ಇವರು ಕೊಟ್ಟರು. ಅಕ್ಕ ಕೇಳಿದರೆ ಇಲ್ಲ ಎನ್ನುವುದುಂಟೇ.

ಇಲ್ಲಿ ನನ್ನದೊಂದು ಪಾಲಿದೆ, ಮುಚ್ಚಿಡಬಾರದು. ಆ ವಾರ ಮುಖ್ಯೋಪಾಧ್ಯಾಯಿನಿ ನನ್ನನ್ನು ಕರೆದು ಹತ್ತು ಚಾರ್ಟ್ ಬರೆಸಿದರು. 'ನಮ್ಮ ಶಾಲೆಯ ಮೌಲ್ಯಮಾಪನ ವಿಧಾನ, ರೂಪಿಸಿದವರು: ಮುಖ್ಯೋಪಾಧ್ಯಾಯಿನಿ'. ಮೇಜಿನ ಮೇಲೆ ಆ ಉದ್ದನೆಯ ನೋಟ್‌ಬುಕ್ಕು ತೆರೆದೇ ಇತ್ತು. ಅಕ್ಷರ ಯಾರದೆಂದು ನನಗೆ ಗೊತ್ತಿತ್ತು. ದೊಡ್ಡವರ ವಿಷಯ ನಮಗೇಕೆ ಎಂದು ಬ್ರಷ್ ತೊಳೆದುಕೊಂಡು ಬಂದೆ.

ಪೋಷಕರ ಸಭೆಯ ದಿನ ಪ್ರತಿಯೊಬ್ಬರ ಕೈಗೂ ಅಚ್ಚಾದ ಹಾಳೆ ಬಂತು. ಗ್ರೇಡ್, ಪಕ್ಕದಲ್ಲಿ ಸಾಕ್ಷ್ಯ. ಯಾಕೆ ಮೇಡಂ ಅದನ್ನು ನೋಡಿದ್ದೂ ಆಗಲೇ. ದರ್ಜಿ ಕನ್ನಡಕ ಹಾಕಿಕೊಂಡು ನಿಧಾನವಾಗಿ ಗಟ್ಟಿಯಾಗಿ ಓದಿದ: "ಪ್ರಾಮಾಣಿಕ ಸಂವಹನ, ಸಿ. ಸಾಕ್ಷ್ಯ, ತಂದೆಗೆ ಸುಳ್ಳು ಹೇಳುತ್ತಾಳೆ."

ನೋಟ್‌ಬುಕ್ಕಿನ ಮುಂದಿನ ಸಾಲುಗಳು ಆ ಹಾಳೆಯಲ್ಲಿರಲಿಲ್ಲ.

ಅವನು ಕೂಗಾಡಲಿಲ್ಲ. ಹಾಳೆ ಮಡಚಿ ಜೇಬಿಗಿಟ್ಟುಕೊಂಡು, ಪಕ್ಕದಲ್ಲಿದ್ದ ಮಗಳಿಗೆ, "ಏನಮ್ಮಾ, ಯಾವ ಸುಳ್ಳು ಇದು?" ಎಂದ. ಹುಡುಗಿ ಅಪ್ಪನನ್ನು ನೋಡಲಿಲ್ಲ. ಮೇಡಂ ಕಡೆಗೆ ತಿರುಗಿದಳು.

"ಇದು ಮಾರ್ಕ್ಸಿಗಲ್ಲ ಅಂದಿದ್ರಿ."

ಅಷ್ಟೇ ಅಂದದ್ದು.

ಸಭೆ ಮುಗಿದ ಮೇಲೆ ಅವರು ನೇರ ಮುಖ್ಯೋಪಾಧ್ಯಾಯಿನಿಯ ಕೋಣೆಗೆ ಹೋದರು. ಚಾರ್ಟ್‌ಗಳನ್ನು ಕಟ್ಟುತ್ತಾ ನಾನೂ ಅಲ್ಲೇ ಇದ್ದೆ.

"ಓದೋಕೆ ಅಂತ ತಗೊಂಡಿದ್ರಿ ಅಕ್ಕಾ."

"ಓದಿದೆ. ಓದಿದ್ಮೇಲೆ ತಾನೇ ಇಷ್ಟು ಮಾಡೋಕೆ ಆಗಿದ್ದು. ಸಾಕ್ಷ್ಯ ಕೇಳ್ತಾರೆ ಕಣೇ. ನಮ್ಮ ಶಾಲೇಲಿ ನಿನ್ನ ಹತ್ರ ಬಿಟ್ರೆ ಇನ್ಯಾರ ಹತ್ರ ಇತ್ತು?"

"ಅದು ಮಕ್ಕಳು ನನ್ನನ್ನ ನಂಬಿ ಹೇಳಿದ್ದು."

"ಶಾಲೆ ಉಳೀಬೇಕೋ ಬೇಡ್ವೋ? ಇದು ಮುಚ್ಚಿದ್ರೆ ಆ ಹುಡುಗಿ ಎಲ್ಲಿಗೆ ಹೋಗ್ತಾಳೆ, ಅದನ್ನ ಯೋಚನೆ ಮಾಡಿದ್ಯಾ?"

"ಹಾಗಿದ್ರೆ ನನ್ನನ್ನ ಒಂದು ಮಾತು ಕೇಳ್ಬಹುದಿತ್ತಲ್ಲ."

"ಕೇಳಿದ್ರೆ ನೀನು ಕೊಡ್ತಿರ್ಲಿಲ್ಲ."

ಗೋಡೆಗೆ ಒರಗಿಸಿದ್ದ ಚಾರ್ಟಿನ ಮೇಲೆ ಯಾಕೆ ಮೇಡಂ ಕಣ್ಣು ಬಿತ್ತು. ರೂಪಿಸಿದವರ ಹೆಸರಿದ್ದ ಸಾಲನ್ನು ಓದಿದರು. ನನ್ನ ಕಡೆ ಒಮ್ಮೆ ನೋಡಿದರು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು.

"ನನ್ನ ನೋಟ್‌ಬುಕ್ ಕೊಡಿ ಮೇಡಂ," ಎಂದರು. ಅಂದಿನಿಂದ ಅವರ ಬಾಯಲ್ಲಿ ಅಕ್ಕ ಎಂಬ ಮಾತು ನಾನು ಕೇಳಲಿಲ್ಲ.

ಮುಂದಿನ ಶುಕ್ರವಾರ ಹಲಗೆಯ ಗೋಡೆಯಾಚೆ ಅವರ ದನಿ ಬಹಳ ತಗ್ಗಿತ್ತು. "ತಪ್ಪು ನಂದು. ಕೈಬಿಡಲ್ಲ ಅಂತ ನಿಮಗೆ ಮಾತು ಕೊಟ್ಟು ಕೈಬಿಟ್ಟೆ. ಯಾರು ಕೇಳಿದ್ರು, ಯಾಕೆ ಕೇಳಿದ್ರು ಅನ್ನೋದು ಆಮೇಲಿನ ಮಾತು. ನಿಮ್ಮ ನಿಮ್ಮ ಪುಟ ನೀವೇ ತಗೊಳ್ಳಿ." ಪುಟ ಹರಿಯುವ ಸದ್ದು ಒಂದೊಂದಾಗಿ ಕೇಳಿಸಿತು. ಕೆಲವರು ಅಲ್ಲೇ ಚೂರು ಮಾಡಿದರಂತೆ, ಒಬ್ಬ ಬಾಣ ಮಾಡಿ ಕಿಟಕಿಯಿಂದ ಬಿಟ್ಟನಂತೆ. ದರ್ಜಿಯ ಮಗಳು ಪುಟವನ್ನು ಪೂರ್ತಿ ಓದಿ, ಮಡಚಿ, ಪುಸ್ತಕದೊಳಗಿಟ್ಟಳು.

ಮೇಡಂ ದರ್ಜಿಯ ಅಂಗಡಿಗೂ ಹೋಗಿ ಬಂದರು. ಅವನು ಸ್ಟೂಲ್ ಎಳೆದು ಕೂರಿಸಿ, ಮರ್ಯಾದೆಯಿಂದಲೇ, "ನಮ್ಮ ಮನೆ ವಿಷಯ ನಾವು ನೋಡ್ಕೋತೀವಿ ಮೇಡಂ. ಹಾಳೇಲಿ ಬರ್ದು ಊರಿಗೆಲ್ಲ ಹಂಚಿದ್ಮೇಲೆ ಇನ್ನೇನು ಮಾತಾಡೋದಿದೆ," ಎಂದನಂತೆ. ಅಂದಿನಿಂದ ಕೊನೆ ಗಂಟೆ ಹೊಡೆಯುವ ಹೊತ್ತಿಗೆ ಗೇಟಿನ ಹೊರಗೆ ಅವನ ಸೈಕಲ್ ನಿಂತಿರುತ್ತಿತ್ತು. ಗ್ರಂಥಾಲಯದ ಮೆಟ್ಟಿಲು ಖಾಲಿಯಾಯಿತು.

ನಮ್ಮ ಶಾಲೆ ಉಳಿಯಿತು, ಅದು ನಿಜ. ಮಾದರಿ ಶಾಲೆ ಎಂದು ಹೆಸರೂ ಬಂತು. ಮುಖ್ಯೋಪಾಧ್ಯಾಯಿನಿ ಬೇರೆ ಬೇರೆ ಕಡೆ ಹೋಗಿ ನನ್ನ ಚಾರ್ಟ್‌ಗಳನ್ನು ತೂಗುಹಾಕಿ ಭಾಷಣ ಮಾಡಿದರು. ಮರುವರ್ಷ ಯಾಕೆ ಮೇಡಂ ಆ ಪಿರಿಯಡ್ ಬೇಡವೆಂದು ಬರೆದುಕೊಟ್ಟರು. ಅದು ಆಟದ ಮೇಷ್ಟ್ರ ಪಾಲಾಯಿತು. ಅವರು ಮಕ್ಕಳನ್ನು ಮೈದಾನಕ್ಕೆ ಬಿಟ್ಟು ಎಲ್ಲರಿಗೂ ಎ ಹಾಕಿದರು. ಕಚೇರಿಯವರು ತಕರಾರು ಮಾಡಲಿಲ್ಲ.

ನಾನು ತಡೆಯಲಾರದೆ ಒಂದು ದಿನ ಸ್ಟಾಫ್‌ರೂಮಿನಲ್ಲಿ, "ಆ ನೋಟ್‌ಬುಕ್ ನೋಡಿದ್ದೆ ಮೇಡಂ, ಆಗ್ಲೇ ಹೇಳ್ಬೇಕಿತ್ತು," ಎಂದೆ.

"ಹೌದು, ಹೇಳ್ಬೇಕಿತ್ತು," ಎಂದರು. ಸಮಾಧಾನದ ಒಂದು ಮಾತಾದರೂ ಬರಬಹುದೆಂದು ಕಾದೆ. ಅವರು ಉತ್ತರ ಪತ್ರಿಕೆಗಳನ್ನು ಎಳೆದುಕೊಂಡರು.

ದರ್ಜಿಯ ಮಗಳು ಹತ್ತನೇ ತರಗತಿಯವರೆಗೂ ನಮ್ಮಲ್ಲೇ ಓದಿದಳು. ವಿಜ್ಞಾನದಲ್ಲಿ ಒಳ್ಳೆಯ ಅಂಕ ತೆಗೆದಳು. ಮೇಲಿನ ತರಗತಿಗಳಲ್ಲೂ ಪಾಠ ಮಾಡುತ್ತಿದ್ದ ಮೇಡಂ ಪ್ರಶ್ನೆ ಕೇಳಿದರೆ ಎದ್ದು ನಿಂತು ಪುಸ್ತಕದಲ್ಲಿದ್ದಷ್ಟೇ ಉತ್ತರ ಹೇಳಿ ಕೂರುತ್ತಿದ್ದಳು. ಮುಂದೆ ಓದಲು ಅಪ್ಪ ಒಪ್ಪಿದನೆಂದು ಬೇರೆ ಮಕ್ಕಳಿಂದ ತಿಳಿಯಿತು. ಹೇಗೆ ಒಪ್ಪಿಸಿದಳೋ, ಅವಳು ಮೇಡಂಗೆ ಹೇಳಲಿಲ್ಲ, ಅವರೂ ಕೇಳಲಿಲ್ಲ. ವರ್ಗಾವಣೆ ಪ್ರಮಾಣಪತ್ರ ಒಯ್ಯಲು ಬಂದ ದಿನ ಸ್ಟಾಫ್‌ರೂಮಿನ ಬಾಗಿಲಲ್ಲಿ ನಿಂತು, "ಹೋಗಿ ಬರ್ತೀನಿ ಸರ್," ಎಂದು ನನಗೆ ಹೇಳಿದಳು. ಪಕ್ಕದ ಕುರ್ಚಿಯಲ್ಲೇ ಮೇಡಂ ಇದ್ದರು. ಹುಡುಗಿ ಅಂಗಳ ದಾಟಿ ಗೇಟಿನ ಹೊರಗೆ ಹೋಗುವವರೆಗೂ ಅವರು ಕೈಯಲ್ಲಿದ್ದ ಪೆನ್ನಿನ ಮುಚ್ಚಳ ತೆಗೆಯಲಿಲ್ಲ.